ಇನ್ಸ್‌ಪೆಕ್ಟರ್ ಕೇಳಿದ ಕ್ಷಮೆ

ನನ್ನ ಗಂಡ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. ಗಂಡಸಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ನಮ್ಮ ಬಾಡಿಗೆ ಮನೆ ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ಬೆಳಗಿನ ಜಾವ ಐದಕ್ಕೆ ಎದ್ದು ಎರಡು ಗಂಟೆ ಬರೆದು, ಸ್ನಾನ ಮಾಡಿ, ರೊಟ್ಟಿ ತಿಂದು ಎಂಟೂವರೆಯ ಬಸ್ಸಿಗೆ ಹೋಗುತ್ತಿದ್ದರು. ಅವರು ಬರೆಯುವಾಗ ಮನೆಯಲ್ಲಿ ಪಾತ್ರೆ ಸದ್ದು ಮಾಡಬಾರದು. ಗೂಡ್ಸ್ ರೈಲು ಎಷ್ಟು ಕೂಗಿದರೂ ಅವರಿಗೆ ತೊಂದರೆಯಾಗುತ್ತಿರಲಿಲ್ಲ. ನಾನು ಲೋಟ ಬೀಳಿಸಿದರೆ ಮಾತ್ರ ಆ ದಿನದ ಅಧ್ಯಾಯ ಹಾಳಾಗುತ್ತಿತ್ತು.

ನಾನು ಮಾದಿಹಳ್ಳಿಯವಳು. ಬೇಲೂರಿನ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ತೊಂಬತ್ತೊಂದರಲ್ಲಿ ಮದುವೆಯಾದೆ. ಹೆಣ್ಣು ನೋಡಲು ಬಂದಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಅಕ್ಷರ ಹೇಗಿದೆ?" ಅಪ್ಪ ಒಳಗಿಂದ ನನ್ನ ಕನ್ನಡ ನೋಟ್ಸು ತಂದು ತೋರಿಸಿದರು. ಇವರು ನಾಲ್ಕು ಪುಟ ತಿರುವಿ, "ದುಂಡಗಿದೆ" ಎಂದರು. ಎಲ್ಲರೂ ಅಡುಗೆ, ಹಾಡು ಎಂದು ಕೇಳುವಾಗ ಇವರು ಅಕ್ಷರ ಕೇಳಿದರಲ್ಲ ಎಂದು ನಾನು ವಾರವೆಲ್ಲ ಹಿಗ್ಗಿದ್ದೆ. ಅವರ ಕೈಬರಹ ಎಷ್ಟು ಕೆಟ್ಟದಾಗಿತ್ತೆಂದರೆ ಬೆಂಗಳೂರಿನ ಪ್ರಕಾಶಕರು ಎರಡು ಸಲ ಹಸ್ತಪ್ರತಿ ವಾಪಸ್ ಕಳಿಸಿದ್ದರಂತೆ. ಅದು ನನಗೆ ತಿಳಿದದ್ದು ಮದುವೆಯಾದ ಮೂರನೇ ವಾರ, ಅವರು ಒಂದು ಕಟ್ಟು ಗೆರೆ ಹಾಳೆ ತಂದು ನನ್ನ ಮುಂದೆ ಇಟ್ಟಾಗ.

ಅಂದಿನಿಂದ ಮಧ್ಯಾಹ್ನ ಅದೇ ಕೆಲಸ. ಇವರು ಬೆಳಿಗ್ಗೆ ಗೀಚಿದ್ದನ್ನು ನಾನು ಊಟವಾದ ಮೇಲೆ ಚೊಕ್ಕ ಮಾಡಿ ಬರೆಯುವುದು. ಎಲ್ಲ ಕಾದಂಬರಿಗಳಿಗೂ ನಾಯಕ ಒಬ್ಬನೇ, ಒಬ್ಬ ಪೊಲೀಸ್ ಇನ್ಸ್‌ಪೆಕ್ಟರ್. ಮನೆಯಲ್ಲಿ ನಾವು ಅವನನ್ನು "ಸಾಹೇಬ್ರು" ಎನ್ನುತ್ತಿದ್ದೆವು. "ಇವತ್ತು ಸಾಹೇಬ್ರು ಎಷ್ಟು ಜನಕ್ಕೆ ಹೊಡೆದ್ರು?" ಎಂದು ನಾನು ಕೇಳಿದರೆ ಇವರು ನಗುತ್ತಿದ್ದರು. ಮೊದಲೆರಡು ವರ್ಷ ನಗುತ್ತಿದ್ದರು.

ಸಾಹೇಬರಿಗೆ ಮೊದಲು ಮನೆಮಠ ಇರಲಿಲ್ಲ. ಮೂರನೇ ಕಾದಂಬರಿಯ ಹೊತ್ತಿಗೆ ಪ್ರಕಾಶಕರು, ಹೆಂಗಸರೂ ಓದುತ್ತಿದ್ದಾರೆ, ನಾಯಕನಿಗೆ ಒಂದು ಸಂಸಾರ ಕೊಡಿ ಎಂದು ಕಾಗದ ಬರೆದರು. ಇವರು ಒಬ್ಬಳು ಹೆಂಡತಿಯನ್ನೂ ಮಗಳನ್ನೂ ಸೇರಿಸಿದರು. ಮಗಳ ಹುಟ್ಟುಹಬ್ಬ. ಸಾಹೇಬ್ರು ಎರಡು ದಿನ ತಡವಾಗಿ ಮನೆಗೆ ಬರುತ್ತಾರೆ. ಹೆಂಡತಿ ಅಳುತ್ತಾಳೆ. "ನನಗೆ ಕರ್ತವ್ಯ ಮೊದಲು" ಎಂದು ಸಾಹೇಬ್ರು ಬೂಟು ಕೂಡ ಬಿಚ್ಚದೆ ಹೊರಟುಹೋಗುತ್ತಾರೆ. ಇದು ಇವರು ಬರೆದದ್ದು.

ಅದನ್ನು ನಕಲು ಮಾಡುವ ದಿನ ನನ್ನ ತೊಡೆಯ ಮೇಲೆ ಎಂಟು ತಿಂಗಳ ಮಗಳು ಜ್ವರದಲ್ಲಿ ಮಲಗಿದ್ದಳು. ಹಿಂದಿನ ದಿನ ಡಾಕ್ಟರ ಹತ್ತಿರ ಹೋಗೋಣ ಬನ್ನಿ ಎಂದು ಕರೆದದ್ದಕ್ಕೆ ಇವರು, "ನಿಂಗೆ ದಾರಿ ಗೊತ್ತಿಲ್ವಾ?" ಎಂದಿದ್ದರು. ಪೆನ್ನು "ಕರ್ತವ್ಯ" ಎಂಬಲ್ಲಿ ನಿಂತಿತು. ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಸಾಹೇಬ್ರನ್ನು ಮೆಟ್ಟಿಲ ಮೇಲೆ ಕೂರಿಸಿದೆ. ಬೂಟು ಬಿಚ್ಚಿಸಿದೆ. ಅವರ ಬಾಯಲ್ಲಿ, "ತಪ್ಪಾಯ್ತು. ಬರಬೇಕಿತ್ತು. ಕೆಲಸ ಇತ್ತು ಅಂತ ಹೇಳಬಹುದು, ಆದರೆ ಒಂದು ಗಂಟೆ ಬಿಡುವೂ ಇತ್ತು" ಎಂದು ಹೇಳಿಸಿದೆ. ಒಂಬತ್ತೇ ಸಾಲು.

ಹಸ್ತಪ್ರತಿ ಕಟ್ಟಿ ಅಂಚೆಗೆ ಹಾಕುವಾಗ ಇವರು ಓದಲಿಲ್ಲ. ಪುಸ್ತಕವಾಗಿ ಬಂದ ಮೇಲೂ ಓದಲಿಲ್ಲ. ಓದುಗರ ಕಾಗದಗಳು ಬಂದ ಮೇಲೆ ಓದಿದರು. ಕೊಲೆಯ ವಿಷಯ ಯಾರೂ ಬರೆದಿರಲಿಲ್ಲ. ಎಲ್ಲರೂ ಮೆಟ್ಟಿಲ ವಿಷಯ ಬರೆದಿದ್ದರು. ಇವರು ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಾನು ಬೈಗುಳಕ್ಕೆ ಕಾದೆ.

"ಇದು ನೀನು ಹಾಕಿದ್ದಾ?"

"ಹ್ಞೂಂ."

"ಮುಂದಿನ ಸಲ ನಂಗೆ ಹೇಳಿ ಹಾಕು," ಎಂದು ಹೊರಗೆ ಹೋದರು.

ಆಮೇಲೆ ಹಸ್ತಪ್ರತಿಯಲ್ಲಿ ಖಾಲಿ ಜಾಗಗಳು ಶುರುವಾದವು. "ಇಲ್ಲಿ ಮನೆ, ಎರಡು ಪುಟ" ಎಂದು ಬರೆದು ಬಿಟ್ಟಿರುತ್ತಿದ್ದರು. ನಾನು ತುಂಬುತ್ತಿದ್ದೆ. ಐದು ಕಾದಂಬರಿಗಳಲ್ಲಿ ತುಂಬಿದೆ. ಸಾಹೇಬ್ರು ಕೋಪ ಬಂದಾಗ ಎದ್ದು ಹೋಗಿ ಗಿಡಕ್ಕೆ ನೀರು ಹಾಕಿ ಬಂದು ಮಾತಾಡುವುದನ್ನು ಕಲಿತರು. ಮಗಳ ಜಡೆ ಹೆಣೆಯಲು ಕಲಿತರು. ಹೆಂಡತಿ ಕಣ್ಣೊರೆಸಿಕೊಂಡರೆ ಈರುಳ್ಳಿಗೋ ಅಳುವಿಗೋ ಎಂದು ಕೇಳುವಷ್ಟು ಗಮನ ಅವರಿಗೆ ಬಂತು. ಸುಳ್ಳೇಕೆ, ಅದನ್ನು ಬರೆಯುವಾಗ ನನಗೆ ಸುಖವಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನನ್ನ ಮನೆಯಲ್ಲಿ ಒಬ್ಬ ಒಳ್ಳೆಯ ಗಂಡಸು ಇರುತ್ತಿದ್ದ. ಐದೂವರೆಗೆ ನನ್ನ ಗಂಡ ಬರುತ್ತಿದ್ದರು.

ಒಂದು ಸಲ ಹಳೇಬೀಡಿನಲ್ಲಿ ಇವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಾಲೆಯ ಹಾಲ್, ಪೇಟ, ಶಾಲು, ಹಣ್ಣಿನ ಬುಟ್ಟಿ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಇವರು ಮೈಕಿನ ಮುಂದೆ ನಿಂತು ನಾಯಕನ ಮನಸ್ಸು ಹೇಗೆ ಪಕ್ವವಾಗುತ್ತಾ ಹೋಯಿತು, ಬಂದೂಕು ಹಿಡಿದವನಿಗೂ ಕ್ಷಮೆ ಕೇಳುವ ಧೈರ್ಯ ಯಾಕೆ ಬೇಕು ಎಂದು ಅರ್ಧ ಗಂಟೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಒಬ್ಬ ಟೀಚರಮ್ಮ ಎದ್ದು, "ಸಾರ್, ಮನೇಲಿ ನೀವೂ ಹಾಗೇನಾ?" ಎಂದು ಕೇಳಿದರು.

"ಅದನ್ನ ನನ್ನ ಹೆಂಡತೀನೇ ಕೇಳಿ," ಎಂದು ಇವರು ನನ್ನ ಕಡೆ ಕೈ ತೋರಿಸಿದರು. ಹಾಲ್ ತುಂಬಾ ನಗು. ನಾನು ಹೌದೆಂದು ತಲೆಯಾಡಿಸಿದೆ. ಚಪ್ಪಾಳೆ ಹೊಡೆದರು.

ಈಗ ಇವರ ತಮ್ಮನ ವಿಷಯ ಹೇಳಬೇಕು. ಅತ್ತೆ ಮತ್ತು ಮೈದುನ ಜಾವಗಲ್ಲಿನಲ್ಲಿದ್ದರು. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ತೆಂಗು, ರಾಗಿ ಹೊಲ ಎಲ್ಲ ಮೈದುನನೇ ನೋಡಿಕೊಳ್ಳುತ್ತಿದ್ದ. ಅವನ ಮದುವೆ ತೊಂಬತ್ತೈದರಲ್ಲಿ. ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಆಹ್ವಾನಿಸುವವರ ಹೆಸರುಗಳಲ್ಲಿ ಇವರ ಹೆಸರು ಸೋದರಮಾವನ ಹೆಸರಿನ ಕೆಳಗಿತ್ತು. ಹಿರಿಯ ಮಗನಾದ ತನ್ನದು ಮೇಲಿರಬೇಕಿತ್ತು ಎಂದು ಇವರು ಹಿಡಿದರು. ಮೈದುನ ಅರಸೀಕೆರೆಗೆ ಬಂದು ಪ್ರೆಸ್ಸಿನವರ ತಪ್ಪು ಎಂದ, ಬೇರೆ ಪತ್ರಿಕೆ ಹಾಕಿಸುತ್ತೇನೆ ಎಂದ, ಕಾಲು ಹಿಡಿಯುತ್ತೇನೆ ಎಂದ. "ಹಿಡೀಬೇಡ, ಆ ಸೋದರಮಾವನ ಕಾಲು ಹಿಡಿ," ಎಂದು ಇವರು ಬಾಗಿಲು ಹಾಕಿಕೊಂಡರು. ಮದುವೆಗೆ ಹೋಗಲಿಲ್ಲ. ನನ್ನನ್ನೂ ಕಳಿಸಲಿಲ್ಲ. ಒಂದು ಹೆಸರು ಅರ್ಧ ಇಂಚು ಕೆಳಗೆ ಅಚ್ಚಾದದ್ದಕ್ಕೆ ಏಳು ವರ್ಷ ಅಣ್ಣತಮ್ಮಂದಿರು ಮಾತಾಡಲಿಲ್ಲ. ತಮ್ಮನ ಪರ ನಿಂತಳೆಂದು ತಾಯಿಯ ಜೊತೆಗೂ ಮಾತು ನಿಂತಿತು.

ಅತ್ತೆ ಮಾತ್ರ ಬರುವುದನ್ನು ಬಿಡಲಿಲ್ಲ. ತಿಂಗಳಿಗೊಮ್ಮೆ, ಇವರು ಶಾಲೆಗೆ ಹೋಗಿರುವ ದಿನ ನೋಡಿಕೊಂಡು, ಜಾವಗಲ್ ಬಸ್ಸಿನಲ್ಲಿ ಹನ್ನೊಂದಕ್ಕೆ ಬಂದು ಮೂರು ಗಂಟೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು. ಸ್ವಂತ ಮಗನ ಮನೆಗೆ ಕದ್ದು ಬರುವುದು. ಹುರಿಹಿಟ್ಟು, ಕೊಬ್ಬರಿ ತರುತ್ತಿದ್ದರು. ಅದನ್ನು ನನ್ನ ತವರಿನದು ಎಂದು ಹೇಳಿ ಇವರಿಗೆ ಬಡಿಸುತ್ತಿದ್ದೆ. "ನಿಮ್ಮಮ್ಮ ಹಿಟ್ಟು ಚೆನ್ನಾಗಿ ಹುರೀತಾರೆ" ಎಂದು ತಿನ್ನುತ್ತಿದ್ದರು.

ಎಂಟನೇ ಕಾದಂಬರಿಯಲ್ಲಿ ಇವರು "ಇಲ್ಲಿ ಮನೆ, ಐದು ಪುಟ" ಎಂದು ಬಿಟ್ಟಿದ್ದರು. ನಾನು ಸಾಹೇಬ್ರನ್ನು ಅವರ ಊರಿಗೆ ಕಳಿಸಿದೆ. ತಮ್ಮನ ಜೊತೆ, ತಾಯಿಯ ಜೊತೆ ಎಂಟು ವರ್ಷ ಮಾತು ಬಿಟ್ಟ ಮಗ. ತಾಯಿ ಜಗುಲಿಯಲ್ಲಿ ಮೊರ ಹಿಡಿದು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಾಳೆ. ಇವನು ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತು ಹೇಳುತ್ತಾನೆ: "ಅವ್ವಾ, ನಾನು ದೊಡ್ಡವನಾದೆ ಅಂದ್ಕೊಂಡಿದ್ದೆ. ಬರೀ ನನ್ನ ಸಿಟ್ಟು ದೊಡ್ಡದಾಗಿತ್ತು." ತಾಯಿ ಮೊರವನ್ನು ಅವನ ಕಡೆ ಸರಿಸುತ್ತಾಳೆ. ಇಬ್ಬರೂ ಕಲ್ಲು ಆರಿಸುತ್ತಾರೆ.

ಇವರು ಅದನ್ನು ಓದಿದರು. ಒಂದು ಕಾಮಾ ತಿದ್ದಿ ಅಂಚೆಗೆ ಹಾಕಿದರು. ಆ ಕಾಮಾ ನೋಡಿ ನನಗೆ ಏನೋ ಆಸೆ ಹುಟ್ಟಿತು. ಓದಿಯೂ ತೆಗೆದುಹಾಕಲಿಲ್ಲವಲ್ಲ, ಮನಸ್ಸು ಕರಗಿರಬೇಕು ಎಂದುಕೊಂಡೆ. ಪುಸ್ತಕ ಬಂದಾಗ ಒಂದು ಪ್ರತಿಯನ್ನು ಅತ್ತೆಯ ಬ್ಯಾಗಿಗೆ ಹಾಕಿದೆ. ಅತ್ತೆಗೆ ಓದಲು ಬರದು.

"ಏನೈತವ್ವ ಇದ್ರಾಗೆ?" ಎಂದು ಕೇಳಿದರು.

"ತಾಯಿ ಮಗ ಒಂದಾಗೋ ಕತೆ ಅತ್ತೆ. ನಿಮ್ಮ ಮಗ ಬರೆದಿರೋದು. ಅವಳ ಕೈಲಿ ಓದಿಸಿಕೊಳ್ಳಿ." ಅವಳೆಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಎಸ್ಸೆಸ್ಸೆಲ್ಸಿ ಓದಿದ್ದಳು.

ನಿಮ್ಮ ಮಗ ಬರೆದಿರೋದು. ಈ ಮಾತು ನಾನೇ ಆಡಿದೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ.

ಎರಡು ವಾರ ಕಳೆದು ಒಂದು ಭಾನುವಾರ, ಹತ್ತು ಗಂಟೆಯ ಹೊತ್ತಿಗೆ ಅತ್ತೆ ಬಂದರು. ಕದ್ದು ಬಂದವರಲ್ಲ. ಹೊಸ ಸೀರೆ ಉಟ್ಟಿದ್ದರು, ಕೈಯಲ್ಲಿ ಕಜ್ಜಾಯದ ಡಬ್ಬಿ. ಇವರು ಹಜಾರದಲ್ಲಿ ಬನಿಯನ್ನಿನಲ್ಲಿ ಕೂತು ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದು, ಇವರ ಎದುರಿಗೆ ನೆಲದ ಮೇಲೆ ಕೂತರು.

"ಕಿರೀ ಸೊಸೆ ಓದ್ ಹೇಳಿದ್ಲು ಕಣಪ್ಪ," ಎಂದರು. "ಎರಡ್ ಸಲ ಓದ್ಸಿದೆ. ನಿನ್ ತಮ್ಮನೂ ಕೇಳ್ದ. ಹೊಲಕ್ಕೋಗಿ ಅತ್ತವ್ನೆ."

"ಏನು ಓದಿದ್ದು?"

"ನೀನ್ ಬರ್ದಿದ್ದು. ಆ ಮಗ ಅವ್ವನ ತಾವ ಬಂದು ಕುಂತ್ಕತಾನಲ್ಲ, ಅದು." ಅತ್ತೆಯ ಮುಖ ಅಷ್ಟು ಸಡಿಲವಾದದ್ದನ್ನು ನಾನು ನೋಡಿರಲಿಲ್ಲ. "ತಮ್ಮನೂ ಬಂದವ್ನೆ. ಬೀದಿ ಕೊನೇಲಿ ಬೇವಿನ್ ಮರದ ತಾವ ನಿಂತವ್ನೆ. ನೀನ್ ಕರೆದ್ರೆ ಬತ್ತೀನಿ ಅಂದ. ಕರೀಲಾ?"

ಇವರು ಅತ್ತೆಯನ್ನು ನೋಡಲಿಲ್ಲ. ನನ್ನನ್ನು ನೋಡಿದರು. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದೆ.

"ಅದು ಕತೆ ಕಣವ್ವ," ಎಂದರು. "ಜನ ಓದ್ಲಿ ಅಂತ ಬರೆಯೋದು."

"ನೀನೇ ಅಲ್ವಾ ಬರ್ದಿದ್ದು?"

ಅಲ್ಲ, ಇವಳು ಬರೆದದ್ದು ಎಂದು ಅವರು ಹೇಳಬಹುದಿತ್ತು. ನಾನೂ ಹೇಳಬಹುದಿತ್ತು. ನಾನು ಸೆರಗು ಹಿಂಡುತ್ತ ನಿಂತೆ.

"ಹೂಂ, ನಾನೇ ಬರೆದದ್ದು," ಎಂದರು. "ಆದ್ರೆ ನಿಂಗಲ್ಲ."

ಎದ್ದು ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು. ಮುಂಬಾಗಿಲಲ್ಲಿ ಹೋದರೆ ತಮ್ಮ ಕಾಣುತ್ತಾನೆಂದು ಹಿತ್ತಲ ಬಾಗಿಲಿಂದ, ಸ್ಟೇಷನ್ ಕಡೆಗೆ ಹೋದರು.

ಅತ್ತೆ ಅಲ್ಲೇ ಕೂತಿದ್ದರು. ನಾನು ಕಾಫಿ ಮಾಡಿ ಕೊಟ್ಟೆ, ಕುಡಿಯಲಿಲ್ಲ. ಐದು ವರ್ಷದ ಮಗಳು ಡಬ್ಬಿ ಮುಚ್ಚಳ ತೆಗೆದು ಕಜ್ಜಾಯ ತಿನ್ನುತ್ತಿದ್ದಳು. ಒಂದು ಗಂಟೆಯ ಮೇಲೆ ಅತ್ತೆ ಎದ್ದು, "ಅವ್ನು ಬಿಸ್ಲಲ್ಲಿ ನಿಂತವ್ನೆ," ಎಂದು ಹೊರಟರು. ನಾನು ಬಾಗಿಲವರೆಗೆ ಹೋದೆ. ಬೀದಿಯ ಕೊನೆಯಲ್ಲಿ ಮೈದುನ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ತಾಯಿ ಒಬ್ಬಳೇ ಬರುವುದನ್ನು ನೋಡಿ ಅವನು ಮನೆಯ ಕಡೆ ಬೆನ್ನು ತಿರುಗಿಸಿ ನಿಂತ.

ಸಂಜೆ ಇವರು ಬಂದ ಮೇಲೆ ಜಗಳವಾಯಿತು. ಮನೆಯ ವಿಷಯವನ್ನು ಬೀದಿಗೆ ಹಾಕಿದೆ ಎಂದರು.

"ಪ್ರಿಂಟ್ ಆಗೋಕ್ ಮುಂಚೆ ನೀವೇ ಓದಿದ್ರಲ್ಲ," ಎಂದೆ. "ಬೇಡ ಅಂದಿದ್ರೆ ತೆಗೀತಿದ್ದೆ. ನಿಮ್ಮ ಅವ್ವಂದೇ ಕತೆ ಅಂತ ಗೊತ್ತಾಗಲಿಲ್ವಾ?"

"ಗೊತ್ತಾಯ್ತು."

"ಮತ್ತೆ?"

"ಚೆನ್ನಾಗಿತ್ತು. ಅದಕ್ಕೇ ಬಿಟ್ಟೆ."

ಅವರು ಸುಳ್ಳು ಹೇಳಲಿಲ್ಲ ಎಂಬುದೇ ನನಗೆ ಇವತ್ತಿಗೂ ಉರಿಯುವುದು. ಅದು ಚೆನ್ನಾಗಿದೆ ಎಂದು ಅವರಿಗೆ ತಿಳಿದಿತ್ತು. ಒಳ್ಳೆಯ ಮಗ ಹೇಗಿರುತ್ತಾನೆ, ಒಳ್ಳೆಯ ಗಂಡ ಹೇಗೆ ಮಾತಾಡುತ್ತಾನೆ ಎಂಬುದನ್ನು ನನ್ನಷ್ಟೇ ಚೆನ್ನಾಗಿ ಬಲ್ಲವರು ಅವರು. ಅದು ಪುಸ್ತಕಕ್ಕೆ ಎಂದು ತಿಳಿದಿದ್ದರು, ಅಷ್ಟೇ. ತಿಳಿಯದ ಮನುಷ್ಯನಿಗೆ ಕಲಿಸುತ್ತಿದ್ದೇನೆ ಎಂದು ನಾನು ಇಷ್ಟು ವರ್ಷ ಹಾಳೆ ತುಂಬಿದ್ದೆ.

ಆಮೇಲೆ ನಾನು ಖಾಲಿ ಜಾಗ ತುಂಬುವುದನ್ನು ನಿಲ್ಲಿಸಿದೆ. ಬರೆದದ್ದನ್ನು ಬರೆದ ಹಾಗೆ ನಕಲು ಮಾಡುತ್ತಿದ್ದೆ. "ಇಲ್ಲಿ ಮನೆ, ಮೂರು ಪುಟ" ಎಂಬುದನ್ನೂ ದುಂಡಗೆ ನಕಲು ಮಾಡಿಟ್ಟೆ. ಇವರು ಒಂದು ವಾರ ಹಲ್ಲು ಕಚ್ಚಿಕೊಂಡಿದ್ದು, ಕೊನೆಗೆ ಕೇಳಿದರು. "ಬರೆಯಲ್ವಾ?"

"ನೀವು ತಮ್ಮನ್ನ ಕರೆಸಿ. ಬರೀತೀನಿ."

"ನಂಗೆ ಕರಾರು ಹಾಕ್ತೀಯ?"

ಆ ಕಾದಂಬರಿಯಲ್ಲಿ ಅವರು ಸಾಹೇಬ್ರ ಹೆಂಡತಿಯನ್ನು ಸಾಯಿಸಿದರು. ಯಾರೋ ಕಾರಿಗೆ ಬಾಂಬು ಇಟ್ಟಿರುತ್ತಾರೆ, ಆಕೆ ತರಕಾರಿ ತರಲು ಹೊರಟಿರುತ್ತಾಳೆ. ಮನೆಯೇ ಇಲ್ಲದ ಮೇಲೆ ಮನೆಯ ಪುಟ ಯಾರೂ ಕೇಳುವ ಹಾಗಿಲ್ಲವಲ್ಲ. ಆ ಅಧ್ಯಾಯವನ್ನೂ ನಾನೇ ನಕಲು ಮಾಡಿದೆ, ಒಂದಕ್ಷರ ಬದಲಿಸದೆ. ಸಾಹೇಬ್ರು ಒಂದು ಸಾಲು ಅತ್ತು ಸೇಡು ತೀರಿಸಿಕೊಳ್ಳಲು ಹೊರಟರು. ಕಾಗದಗಳು ಕಡಿಮೆಯಾದವು. ಇನ್ನೆರಡು ಪುಸ್ತಕವಾದ ಮೇಲೆ ಪ್ರಕಾಶಕರು, ಈಗ ಎಲ್ಲರೂ ಟಿ.ವಿ. ನೋಡುತ್ತಾರೆ ಎಂದು ಬರೆದು ಕೈ ತೊಳೆದುಕೊಂಡರು. ಇವರು ಆ ಕಾಗದವನ್ನು ನನ್ನ ಮುಂದೆ ಇಟ್ಟು, "ಸಮಾಧಾನ ಆಯ್ತಾ?" ಎಂದರು.

ಅತ್ತೆ ಆ ಭಾನುವಾರದ ನಂತರ ಬರಲಿಲ್ಲ. ಎರಡು ವರ್ಷ ಕಾದು, ಮಗಳು ಶಾಲೆಗೆ ಹೋಗಿದ್ದ ಒಂದು ದಿನ ನಾನೇ ಜಾವಗಲ್ ಬಸ್ಸು ಹತ್ತಿದೆ. ಅತ್ತೆ ಸೊಂಟ ಬಿದ್ದು ಮಲಗಿದ್ದರು. ಓರಗಿತ್ತಿ ಮಜ್ಜಿಗೆ ಕೊಟ್ಟು ಪಕ್ಕದಲ್ಲೇ ಕೂತಳು. ತಲೆದಿಂಬಿನ ಪಕ್ಕ ಆ ಪುಸ್ತಕ ಇತ್ತು. ಓದಲು ಬಾರದವರ ತಲೆದಿಂಬಿನಲ್ಲಿ ರಟ್ಟಿನ ಮೇಲೆ ಪಿಸ್ತೂಲಿನ ಚಿತ್ರವಿದ್ದ ಪುಸ್ತಕ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅತ್ತೆ, ಇದನ್ನ ಅವರು ಬರೆದಿದ್ದಲ್ಲ. ನಾನು ಬರೆದಿದ್ದು. ಅವತ್ತೇ ಹೇಳಬೇಕಿತ್ತು. ನಿಮ್ಮನ್ನ ಸುಮ್ಮನೆ ಬರೋ ಹಾಗೆ ಮಾಡಿದೆ. ನನ್ನ ಕ್ಷಮಿಸಿ."

ಅತ್ತೆ ನನ್ನನ್ನು ಬಿಟ್ಟು ತೊಲೆ ನೋಡಿದರು.

"ಈಗ್ಯಾಕ್ ಹೇಳ್ದೆ?" ಎಂದರು.

ತಲೆದಿಂಬಿನ ಪಕ್ಕದ ಪುಸ್ತಕವನ್ನು ಕೈಯಿಂದ ಆಚೆ ಸರಿಸಿದರು.

"ಅವ್ನು ಬಾಯಾಗೆ ಆಡಕ್ಕಾಗ್ದೆ ಬರ್ದವ್ನೆ ಅನ್ಕಂಡಿದ್ದೆ. ಗಂಡುಸ್ರು ಹಂಗೇಯ, ಒಳಗೈತೆ, ಹೊರುಕ್ ಬರಲ್ಲ ಅನ್ಕಂಡು ದಿಸ ನೂಕ್ತಿದ್ದೆ. ಅದ್ನೂ ಕಿತ್ಕಂಡ್ಯಲ್ಲ ತಾಯಿ. ನಿಂಗೇನ್ ಮಾಡಿದ್ದೆ ನಾನು?"

ಓರಗಿತ್ತಿ ನನ್ನ ಕೈಯಿಂದ ಮಜ್ಜಿಗೆ ಲೋಟ ತೆಗೆದುಕೊಂಡಳು. ನಾನಿನ್ನೂ ಕುಡಿದಿರಲಿಲ್ಲ. "ಬಸ್ಸಿಗೆ ಹೊತ್ತಾಯ್ತದೆ ಅಕ್ಕ," ಎಂದಳು.

ನಾನು ಹೇಳಿದ್ದು ಅತ್ತೆಗಾಗಿ ಎಂದು ಆಗ ಅಂದುಕೊಂಡಿದ್ದೆ. ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು, ಆ ಐದು ಪುಟ ನನ್ನದು ಎಂದು ಯಾರಿಗಾದರೂ ಒಮ್ಮೆ ಹೇಳಬೇಕಿತ್ತು. ಹಳೇಬೀಡಿನ ಸನ್ಮಾನದಲ್ಲಿ ಹೇಳಬೇಕಿದ್ದನ್ನು ಮಲಗಿದ ಮುದುಕಿಗೆ ಹೇಳಿ ಬಂದೆ.

ಮುಂದಿನ ಮಾಘದಲ್ಲಿ ಅತ್ತೆ ಹೋದರು. ಇವರು ಹಿರಿಯ ಮಗನಾದ್ದರಿಂದ ಹೋಗಲೇಬೇಕಾಯಿತು. ತಲೆ ಬೋಳಿಸಿಕೊಂಡು ಕೊಳ್ಳಿ ಇಟ್ಟರು. ಹನ್ನೊಂದನೆಯ ದಿನ ಅಣ್ಣತಮ್ಮಂದಿರು ಪಕ್ಕಪಕ್ಕದಲ್ಲಿ ಕೂತು ಉಂಡರು. ಯಾರೂ ಕ್ಷಮೆ ಕೇಳಲಿಲ್ಲ. "ಸಾರು ಹಾಕಿಸ್ಕೊಳ್ಳೋ" ಎಂದು ಇವರು, "ನೀನ್ ಹಾಕ್ಸ್ಕ ಅಣ್ಣ" ಎಂದು ಅವನು. ಮುಗಿಯಿತು. ಏಳು ವರ್ಷದ ಜಗಳ ಒಂದು ಸೌಟು ಸಾರಿನಲ್ಲಿ ಮುಗಿದುಹೋಯಿತು. ನಾನು ಬರೆದ ಮೊರ, ರಾಗಿ, ಮಾತು ಯಾವುದೂ ಬೇಕಾಗಿರಲಿಲ್ಲ.

ಓರಗಿತ್ತಿ ಮಾತ್ರ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಸಾಯುವ ಮುದುಕಿಯ ಹೊಟ್ಟೆ ಉರಿಸಿದವಳು ನಾನು ಎಂದು ನೆಂಟರಿಗೆಲ್ಲ ಹೇಳಿದಳು. ಮೈದುನ ಎದುರು ಸಿಕ್ಕರೆ, "ಚೆನ್ನಾಗಿದೀರಾ ಅತ್ತಿಗೆ" ಎಂದು ಎಲ್ಲೋ ನೋಡುತ್ತಾನೆ. ಇವರನ್ನು ನಾನು ಒಮ್ಮೆ ಕೇಳಿದೆ, ನೀವಾದರೂ ನಡೆದದ್ದು ಹೇಳಬಾರದೇ ಎಂದು.

"ಹೆಂಗಸ್ರ ಜಗಳದಲ್ಲಿ ನಾನು ಬಾಯಿ ಹಾಕಲ್ಲ," ಎಂದರು.

ಈಗ ಅವರಿಗೆ ಬರೆಯುವ ಹುಚ್ಚು ಬಿಟ್ಟಿದೆ. ರಜೆ ಬಂದರೆ ಬೈಕು ತೆಗೆದುಕೊಂಡು ಜಾವಗಲ್ಲಿಗೆ ಹೋಗುತ್ತಾರೆ. ತಮ್ಮನ ಮಕ್ಕಳೆಂದರೆ ಪ್ರಾಣ. ಬೇಲೂರಿಗೆ, ಹಳೇಬೀಡಿಗೆ ಸುತ್ತಿಸಿ ಬರುತ್ತಾರೆ. ನನ್ನ ಮಗಳು ಮೊದಮೊದಲು ಜೊತೆಗೆ ಹೋಗುತ್ತಿದ್ದಳು. ಈಗ ಹೈಸ್ಕೂಲು, ಪರೀಕ್ಷೆ ಎನ್ನುತ್ತಾಳೆ. ಮೊನ್ನೆ ಶನಿವಾರ ಇವರು ಹೊರಟಾಗ ಅವಳು ಬಾಗಿಲಲ್ಲಿ ನಿಂತು, "ಅಪ್ಪ, ಅಮ್ಮನ್ನೂ ಕರ್ಕೊಂಡ್ ಹೋಗಿ," ಎಂದಳು. ಇವರು ಕಿಕ್ಕರ್ ಒದೆಯುತ್ತ, "ಅವಳಿಗೆ ಅಲ್ಲಿ ಏನ್ ಕೆಲಸ?" ಎಂದರು. ಮಗಳು ನನ್ನ ಕಡೆ ತಿರುಗಿ, ನಾನು ಏನಾದರೂ ಹೇಳುತ್ತೇನೋ ಎಂದು ಕಾದಳು. ನಾನು ಗೇಟಿನ ಚಿಲಕ ಹಾಕಿ, ಒಳಗೆ ಬಂದು ಅಕ್ಕಿ ತೊಳೆದೆ.